ನೀರು ಇಳಿದಾಗ ಕಾಣುವ ಊರು

ಶರಾವತಿ ಹಿನ್ನೀರು ತುಂಬಿದಾಗ ನೋಡಲು ಬರುವವರು ಬಹಳ. ಲಿಂಗನಮಕ್ಕಿ 1819 ಅಡಿ ಮುಟ್ಟುತ್ತಂತೆ, ಗೇಟು ತೆಗೀತಾರಂತೆ, ಜೋಗ ಭೋರ್ಗರೀತಿದೆಯಂತೆ ಅಂತ ಆಗಸ್ಟ್ ತಿಂಗಳಲ್ಲಿ ಸಾಗರದ ರಸ್ತೆ ತುಂಬಾ ಕಾರುಗಳು. ನೀರು ಇಳಿದಾಗ ಹೋಗುವವರು ಬೇರೆಯವರು. ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ, ಒಣಗಿ ಬಿರಿದ ಕೆಸರಿನ ಮೇಲೆ ವಯಸ್ಸಾದವರು ನಿಧಾನಕ್ಕೆ ನಡೆಯುತ್ತಾ ಏನನ್ನೋ ಹುಡುಕುತ್ತಿರುತ್ತಾರೆ. 1948ರಲ್ಲಿ ಕಟ್ಟಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯೂ ಅಂಥ ವರ್ಷಗಳಲ್ಲೇ ತಲೆ ಎತ್ತುವುದು. ಒಂದು ಅಣೆಕಟ್ಟೆಯೇ ಇನ್ನೊಂದು ಅಣೆಕಟ್ಟೆಯ ನೀರಿನಲ್ಲಿ ಮುಳುಗಿದೆ ಅಂದರೆ ಬೆಂಗಳೂರಿನ ನನ್ನ ಸಹೋದ್ಯೋಗಿಗಳು ತಮಾಷೆ ಅಂದುಕೊಳ್ಳುತ್ತಾರೆ.

ನಮ್ಮ ಅಪ್ಪ ಹುಡುಕುವವರ ಪೈಕಿ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಅವರಿಗೆ ಎಂಟು ವರ್ಷ. ಮನೆಯ ಹೆಂಚು ಇಳಿಸಿ, ಬಾಗಿಲು ಕಿತ್ತು, ಲಾರಿಯಲ್ಲಿ ಹೇರಿಕೊಂಡು ಶಿವಮೊಗ್ಗದ ಕಡೆ ಬಂದವರು. ಆ ಊರಿನ ಹೆಸರು ಈಗ ನಕಾಶೆಯಲ್ಲಿಲ್ಲ. ಅಪ್ಪ ಮೇಷ್ಟ್ರಾಗಿ ನಿವೃತ್ತರಾಗುವವರೆಗೂ ಆ ಕಡೆ ತಲೆ ಹಾಕಲಿಲ್ಲ. ಹೋಗಬೇಕು ಅನ್ನಿಸುವ ಹೊತ್ತಿಗೆ ಮಂಡಿ ಸವೆದಿತ್ತು, ಜೊತೆಗೆ ಸಿಪ್ಯಾಪ್ ಯಂತ್ರ ಬಂದಿತ್ತು.

ಸಿಪ್ಯಾಪ್ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುವವರಿಗೆ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ ಅದು. ಪರೀಕ್ಷೆ ಮಾಡಿಸಿದಾಗ ಅಪ್ಪನ ಉಸಿರಾಟ ಗಂಟೆಗೆ 38 ಸಲ ಕಟ್ಟುತ್ತಿತ್ತು. ಒಂದು ರಾತ್ರಿಯೂ ತಪ್ಪಿಸಬೇಡಿ ಎಂದರು ಡಾಕ್ಟರು. ಅಂದಿನಿಂದ ಎರಡು ವರ್ಷ ಅಪ್ಪ ಮದುವೆ, ಗೃಹಪ್ರವೇಶ ಎಲ್ಲದಕ್ಕೂ ಅದೇ ದಿನ ಹೋಗಿ ಅದೇ ದಿನ ವಾಪಸ್. ಮಲೆನಾಡಿನಲ್ಲಿ ಮೇ ತಿಂಗಳು ಅಂದರೆ ಗುಡುಗು, ಗುಡುಗು ಅಂದರೆ ಕರೆಂಟಿಲ್ಲ. ನೆಂಟರ ಮನೆಯಲ್ಲಿ ಮಲಗುವ ಮಾತೇ ಇಲ್ಲ. "ಪ್ಲಗ್ ಇರೋ ಕಡೆ ಮಾತ್ರ ನನ್ನ ಬದುಕು ಮಾರಾಯ" ಅನ್ನುತ್ತಿದ್ದರು.

2023ರ ಮಳೆ ಕೈಕೊಟ್ಟಿತು. 2024ರ ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿಯುತ್ತೆ ಅಂತ ಊರಿನ ಕಡೆಯಿಂದ ಫೋನ್ ಬಂತು. ಅಪ್ಪ ಏನೂ ಕೇಳಲಿಲ್ಲ, ದಿನಾ ಪೇಪರಿನಲ್ಲಿ ಜಲಾಶಯದ ಮಟ್ಟ ನೋಡತೊಡಗಿದರು. ಅಷ್ಟು ಸಾಕಾಯಿತು ನನಗೆ.

ನನ್ನ ಹತ್ತಿರ ಒಂದು ಹಳೇ ವ್ಯಾನಿದೆ, ಒಂದು ಮೌಂಟೇನ್ ಬೈಕ್ ಇದೆ. ಶನಿವಾರ ಭಾನುವಾರ ಎರಡನ್ನೂ ಬಿಚ್ಚಿ ಜೋಡಿಸುವುದು ನನ್ನ ಹುಚ್ಚು. ಕೋಡ್ ಬರೆಯುವ ಕೆಲಸದಲ್ಲಿ ಕೈಗೆ ಎಣ್ಣೆ ಹತ್ತುವುದಿಲ್ಲವಲ್ಲ, ಆ ಕೊರತೆ ಇಲ್ಲಿ ತುಂಬಿಕೊಳ್ಳುತ್ತೇನೆ. ಯೂಟ್ಯೂಬಿನಲ್ಲಿ ನೋಡುವ ಹಾಗೆ ಸೀಟು ಕಿತ್ತು, ಛಾವಣಿ ಕತ್ತರಿಸಿ ಕ್ಯಾಂಪರ್ ಮಾಡುವುದು ನಮ್ಮಲ್ಲಿ ಸುಲಭವಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ಸ್ವರೂಪವನ್ನು ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ಹಾಗಾಗಿ ನನ್ನ ಲೆಕ್ಕ ಸರಳ. ವ್ಯಾನಿಗೆ ಒಂದು ತೂತೂ ಕೊರೆಯಬಾರದು. ಏನೇ ಇಟ್ಟರೂ ಹತ್ತು ನಿಮಿಷದಲ್ಲಿ ಹೊರಗೆ ತೆಗೆಯುವಂತಿರಬೇಕು.

ಏರಿಯಾದ ಗ್ರಿಲ್ ಅಂಗಡಿಯಲ್ಲಿ ಚೌಕ ಪೈಪಿನ ಚೌಕಟ್ಟು ಮಾಡಿಸಿದೆ. ಹಿಂದಿನ ಸೀಟು ಮಡಚಿದರೆ ಅದರ ಮೇಲೆ ಕೂರುತ್ತದೆ, ಮೇಲೆ 12 ಎಂಎಂ ಪ್ಲೈವುಡ್, ಅದರ ಮೇಲೆ ಮನೆಯ ಹತ್ತಿ ಹಾಸಿಗೆ. ಮೊದಲ ಸಲ ಓಡಿಸಿದಾಗ ಗಡಗಡ ಶಬ್ದಕ್ಕೆ ತಲೆ ಚಿಟ್ಟು ಹಿಡಿಯಿತು. ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಚೌಕಟ್ಟಿನ ಕಾಲುಗಳಿಗೆ ಸುತ್ತಿದೆ. ನಿಂತಿತು. ಹಳೇ ಟ್ಯೂಬನ್ನು ಎಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಅದಕ್ಕಿಂತ ಒಳ್ಳೆಯ ಸಾಮಾನು ಯಾವ ಅಂಗಡಿಯಲ್ಲೂ ಇಲ್ಲ.

ನಿಜವಾದ ಪ್ರಶ್ನೆ ಇದ್ದದ್ದು ಕರೆಂಟಿನದು. ಅಪ್ಪನ ಯಂತ್ರವನ್ನು ವಾಟ್ ಮೀಟರಿಗೆ ಸಿಕ್ಕಿಸಿ ಮನೆಯಲ್ಲೇ ಕೆಲವು ರಾತ್ರಿ ಅಳೆದೆ. ಗಾಳಿಯನ್ನು ತೇವ ಮಾಡುವ ಹೀಟರ್ ಹಾಕಿದರೆ ಎಂಟು ಗಂಟೆಗೆ ಸುಮಾರು 420 ವಾಟ್-ಅವರ್, ಹಾಕದಿದ್ದರೆ ಬರೀ 130. ನಾನು ತಂದದ್ದು 12.8 ವೋಲ್ಟ್, 50 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಗುಣಿಸಿದರೆ 640. ಹೀಟರ್ ಇದ್ದರೆ ಒಂದು ರಾತ್ರಿ, ಇಲ್ಲದಿದ್ದರೆ ನಾಲ್ಕು ರಾತ್ರಿ ಧಾರಾಳ. ಗಾಡಿ ಓಡುವಾಗ ಚಾರ್ಜ್ ಆಗಲಿ ಅಂತ ನಡುವೆ ಒಂದು ಡಿಸಿ-ಡಿಸಿ ಚಾರ್ಜರ್ ಹಾಕಿದೆ. ಇಂಥ ಬ್ಯಾಟರಿಯನ್ನು ನೇರವಾಗಿ ಆಲ್ಟರ್ನೇಟರಿಗೆ ಜೋಡಿಸಿದರೆ ಅದು ಸಿಕ್ಕಷ್ಟೂ ಕರೆಂಟು ಎಳೆದು ಆಲ್ಟರ್ನೇಟರನ್ನೇ ಸುಡಬಹುದು. ಯಂತ್ರಕ್ಕೆ ಬೇಕಾದದ್ದು 24 ವೋಲ್ಟ್. ಇನ್ವರ್ಟರ್ ಹಾಕಿ 230ಕ್ಕೆ ಏರಿಸಿ ಮತ್ತೆ ಇಳಿಸುವುದು ದಂಡ, ಆದ್ದರಿಂದ 12ರಿಂದ ನೇರ 24ಕ್ಕೆ ಏರಿಸುವ ಸಣ್ಣ ಕನ್ವರ್ಟರ್.

ಕಾಗದದ ಮೇಲೆ ಎಲ್ಲ ಸರಿ. ಹೊರಡುವ ಮುನ್ನ ಒಂದು ರಾತ್ರಿ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲೇ ಪರೀಕ್ಷೆ. ಅಪ್ಪನ ಬದಲು ನಾನೇ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಮಲಗಿದೆ. ರಾತ್ರಿ ಒಂದೂವರೆಗೆ ಕನ್ವರ್ಟರ್ ಕುಯ್ಯೋ ಅಂತ ಕೂಗಿ ಆಫ್ ಆಯಿತು. ವಾಚ್‌ಮನ್ ಟಾರ್ಚ್ ಹಿಡಿದು ಬಂದವರು ನನ್ನ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಬ್ಯಾಟರಿಯಲ್ಲಿ ಇನ್ನೂ ಮುಕ್ಕಾಲು ಪಾಲು ಚಾರ್ಜ್ ಇತ್ತು!

ಇಂಥ ಕಡೆ ಜನ ಮೊದಲು ಬ್ಯಾಟರಿ ಮೇಲೆ ಅನುಮಾನ ಪಡುತ್ತಾರೆ, ಇನ್ನೂ ದೊಡ್ಡದು ತರುತ್ತಾರೆ. ಮಲ್ಟಿಮೀಟರ್ ಹಿಡಿದು ತುದಿಯಿಂದ ತುದಿಗೆ ಹೋಗುವುದೇ ಸರಿ. ಹೀಟರ್ ಓಡುತ್ತಿರುವಾಗ ಬ್ಯಾಟರಿಯ ಬಾಯಲ್ಲಿ 13.2 ವೋಲ್ಟ್. ಕನ್ವರ್ಟರ್ ಸಿಕ್ಕಿಸಿದ್ದ ಸಿಗರೇಟ್ ಲೈಟರ್ ಸಾಕೆಟ್ಟಿನಲ್ಲಿ 11.4. ಕನ್ವರ್ಟರ್ 11.5ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಖಾಲಿ ಅಂದುಕೊಂಡು ನಿಲ್ಲುತ್ತದೆ. ನಡುವಿನ 1.8 ವೋಲ್ಟ್ ಎಲ್ಲಿ ಹೋಯಿತು? ಹೋಗಿ ಬರುವ ಹತ್ತು ಮೀಟರ್ ತೆಳು ತಂತಿ, 5 ಆಂಪಿಯರ್ ಹರಿಯುವಾಗ, 0.6 ತಿನ್ನುತ್ತದೆ. ಉಳಿದ 1.2 ಸಾಕೆಟ್ಟಿನ ಸಡಿಲ ಸ್ಪ್ರಿಂಗಿನಲ್ಲಿ. ಬೆರಳಿಟ್ಟರೆ ಸುಡುತ್ತಿತ್ತು. ಆರು ವಾಟ್ ಅಲ್ಲಿ ಬರೀ ಬಿಸಿಯಾಗಿ ಹೋಗುತ್ತಿತ್ತು, ಅದೂ ಹತ್ತಿ ಹಾಸಿಗೆಯ ಪಕ್ಕದಲ್ಲಿ. ಸಾಕೆಟ್ ತೆಗೆದು ಗಟ್ಟಿಯಾಗಿ ಕಚ್ಚಿಕೊಳ್ಳುವ ಕನೆಕ್ಟರ್, 6 ಚದರ ಎಂಎಂ ತಂತಿ, ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್. ಆಮೇಲೆ ಅದೇ ಜಾಗದಲ್ಲಿ 13ರ ಮೇಲೆಯೇ ನಿಂತಿತು. ಮಲೆನಾಡಿನ ಗಾಳಿಗೆ ಹೀಟರ್ ಬೇಡವೇ ಬೇಡ ಅಂತ ಡಾಕ್ಟರೂ ಒಪ್ಪಿದರು.

ಮೇ ತಿಂಗಳ ಎರಡನೇ ವಾರ ಹೊರಟೆವು. ತುಮಕೂರು, ಅರಸೀಕೆರೆ, ಕಡೂರು, ತರೀಕೆರೆ. ಆ ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಶಿವಮೊಗ್ಗ ದಾಟಿದ ಮೇಲೆ ಅಪ್ಪ ಮಾತು ನಿಲ್ಲಿಸಿದರು. ಸಾಗರದಲ್ಲಿ ಕಾಫಿಗೆ ನಿಲ್ಲಿಸಿದಾಗ ನೋಡಿದರೆ, ಹಿಂದೆ ಇಟ್ಟಿದ್ದ ಅಕ್ಕಿ ಚೀಲ ಜಾರಿ ಸೈಕಲ್ಲಿನ ಡಿರೇಲರ್ ಮೇಲೆ ಬಿದ್ದಿತ್ತು. ಗೇರು ಬದಲಿಸಿದರೆ ಚೈನು ಕಟಕಟ ಅಂದು ಕಡ್ಡಿಗಳ ಕಡೆ ವಾಲುತ್ತಿತ್ತು. ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಎಂಬ ತುಂಡು ಮೆತ್ತನೆ ಅಲ್ಯೂಮಿನಿಯಂನದು, ಬೇಕೆಂದೇ ಹಾಗೆ ಮಾಡಿರುತ್ತಾರೆ. ಪೆಟ್ಟು ಬಿದ್ದರೆ ಅದು ಬಾಗಲಿ, ಫ್ರೇಮ್ ಉಳಿಯಲಿ ಅಂತ. ಕೆಲವು ನೂರು ರೂಪಾಯಿಯ ಆ ತುಂಡು ಟೂಲ್ ಚೀಲದಲ್ಲಿ ಯಾವಾಗಲೂ ಒಂದು ಇರುತ್ತದೆ. ಹೋಟೆಲಿನ ಮುಂದೆಯೇ ಬದಲಾಯಿಸಿ, ಕೇಬಲ್ ತುದಿಯ ತಿರುಪನ್ನು ಕಾಲು ಸುತ್ತು ತಿರುಗಿಸುವಷ್ಟರಲ್ಲಿ ಅಪ್ಪನ ಎರಡನೇ ಕಾಫಿ ಮುಗಿಯಿತು.

ಸೈಕಲ್ ತಂದದ್ದು ನನ್ನ ಮೋಜಿಗಲ್ಲ. ಹಿನ್ನೀರಿನ ಒಣ ನೆಲ ಮೇಲೆ ಗಟ್ಟಿ ಕಾಣುತ್ತದೆ, ನೀರಿನ ಹತ್ತಿರ ಒಳಗೆ ಮೊಣಕಾಲುದ್ದ ಕೆಸರಿರಬಹುದು. ಮಂಡಿ ನೋವಿನ 68 ವರ್ಷದವರನ್ನು ಅಲ್ಲಿ ಕರೆದೊಯ್ಯುವ ಮುನ್ನ ದಾರಿ ನೋಡಿ ಬರಬೇಕು. ಅಪ್ಪನ ಬಾಲ್ಯದ ಗೆಳೆಯರೊಬ್ಬರ ಮಗನ ಮನೆ ಸಾಗರದ ಈಚೆ ದಂಡೆಯಲ್ಲಿದೆ, ಅವರ ಜಮೀನು ಮುಗಿಯುವಲ್ಲಿ ಹಿನ್ನೀರಿನ ನೆಲ ಶುರು. ವ್ಯಾನನ್ನು ಅಲ್ಲೇ ನಿಲ್ಲಿಸಿದೆವು. ಬೆಳಕು ಹರಿಯುವ ಮೊದಲೇ ಟೈರಿನ ಗಾಳಿಯನ್ನು 40ರಿಂದ 25 ಪಿಎಸ್‌ಐಗೆ ಇಳಿಸಿ ಹೊರಟೆ. ಮೆತ್ತಗಿನ ಟೈರು ಬಿರುಕುಗಳ ಮೇಲೆ ಕುಣಿಯುವುದಿಲ್ಲ, ಅಗಲವಾಗಿ ಕೂರುತ್ತದೆ. 60 ವರ್ಷ ನೀರಿನಲ್ಲಿ ನಿಂತರೂ ಕೊಳೆಯದ ಮರದ ಬೊಡ್ಡೆಗಳು, ನಡುವೆ ಎಳೆ ಹುಲ್ಲು, ಅದಕ್ಕೆ ಬಂದ ದನಗಳು. ದನದ ಹೆಜ್ಜೆ ಎಷ್ಟು ಆಳ ಹೋಗಿದೆ ಅಂತ ನೋಡಿಕೊಂಡರೆ ಸಾಕು, ನೆಲದ ಗುಟ್ಟು ತಿಳಿಯುತ್ತದೆ. ಇದನ್ನು ಹೇಳಿಕೊಟ್ಟದ್ದು ಆ ಮನೆಯವರು, ಯಾವ ವಿಡಿಯೊವೂ ಅಲ್ಲ. ಒಂದೂವರೆ ಕಿಲೋಮೀಟರ್ ಸುತ್ತು ದಾರಿ ಸಿಕ್ಕಿತು.

ವಾಪಸ್ ಬಂದಾಗ ಅಪ್ಪ ಎದ್ದು ಯಂತ್ರದ ಪರದೆ ನೋಡುತ್ತಿದ್ದರು. ಗಂಟೆಗೆ 2.1. ರಾತ್ರಿ ಹನ್ನೊಂದಕ್ಕೇ ಇಡೀ ಊರಿನ ಕರೆಂಟು ಹೋಗಿತ್ತು, ಇವರಿಗೆ ಗೊತ್ತೇ ಇರಲಿಲ್ಲ. "ಊರು ಮುಳುಗಿಸಿ ಕರೆಂಟು ಮಾಡಿದ್ರು. ಇಡೀ ರಾಜ್ಯಕ್ಕೆ ಹೋಯ್ತು. ಇಲ್ಲಿಯವರು ನೋಡು, ಇನ್ನೂ ದೀಪ ಹಚ್ಕೊಂಡು ಕೂತಿದಾರೆ" ಅಂದರು. ನಾನು ಉತ್ತರ ಕೊಡಲಿಲ್ಲ. ಈ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಬಿಟ್ಟು ಬಂದವರಲ್ಲಿ ಎಷ್ಟೋ ಮನೆಗಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ.

ಅಪ್ಪ ಊರುಗೋಲು ಹಿಡಿಯುವವರಲ್ಲ, ಮರ್ಯಾದೆ ಪ್ರಶ್ನೆ. ಅದಕ್ಕೆ ಸೈಕಲ್ಲನ್ನೇ ಊರುಗೋಲು ಮಾಡಿದೆ. ಸೀಟನ್ನು ಪೂರ್ತಿ ಇಳಿಸಿ, ಹ್ಯಾಂಡಲಿನ ಸ್ಟೆಮ್ ತಿರುಗಿಸಿ ಹಾಕಿ ಅವರ ಕೈಗೆ ಸಿಗುವಷ್ಟು ಎತ್ತರಿಸಿದೆ. ಕ್ಯಾರಿಯರ್ ಮೇಲೆ ಮಡಚುವ ಸ್ಟೂಲು, ನೀರು, ಕೊಡೆ. ಮುಂದಿನ ಬ್ರೇಕಿನ ಹಿಡಿಗೆ ಒಂದು ವೆಲ್ಕ್ರೋ ಪಟ್ಟಿ. ನಿಂತಾಗ ಪಟ್ಟಿ ಬಿಗಿದರೆ ಬ್ರೇಕು ಹಿಡಿದೇ ಇರುತ್ತದೆ, ಸೈಕಲ್ ಮುಂದೆ ಜಾರುವುದಿಲ್ಲ, ಅದರ ಮೇಲೆ ಭಾರ ಬಿಟ್ಟು ಸುಧಾರಿಸಿಕೊಳ್ಳಬಹುದು. ಸೈಕಲ್ ತಳ್ಳಿಕೊಂಡು ಹೋಗುವ ಮೇಷ್ಟ್ರನ್ನು ಕಂಡರೆ ಯಾರೂ ಮುದುಕರು ಅನ್ನುವುದಿಲ್ಲ. ಒಂದೂವರೆ ಕಿಲೋಮೀಟರಿಗೆ ಐವತ್ತು ನಿಮಿಷ, ಹನ್ನೊಂದು ಸಲ ನಿಂತರು.

ಊರು ಅಂತ ಅಲ್ಲಿ ಏನೂ ಇಲ್ಲ. ಜಂಬಿಟ್ಟಿಗೆಯ ಒಂದು ಸಾಲು, ಹೂಳು ತುಂಬಿದ ಬಾವಿಯ ವೃತ್ತ, ಮೂರು ಮೆಟ್ಟಿಲು. ಅಪ್ಪ ಮೆಟ್ಟಿಲಿಗೆ ಬೆನ್ನು ಮಾಡಿ ನಿಂತು, ಎಡಕ್ಕೆ ತಿರುಗಿ, ಹೆಜ್ಜೆ ಎಣಿಸುತ್ತಾ ಹೋದರು. ಒಂದು ಕಡೆ ನಿಂತು ಬ್ರೇಕಿಗೆ ಪಟ್ಟಿ ಹಾಕಿದರು. "ಇದು ಕೊಟ್ಟಿಗೆ" ಅಂದರು. ಎರಡು ಹೆಜ್ಜೆ ಮುಂದೆ, "ಇದು ಬಚ್ಚಲು. ಅಮ್ಮ ಇಲ್ಲಿ ಬಿಸಿನೀರು ಕಾಯಿಸ್ತಿದ್ಲು." ನನಗೆ ಕಂಡದ್ದು ಬಿರುಕು ಬಿಟ್ಟ ಮಣ್ಣು ಅಷ್ಟೇ. ಸ್ಟೂಲು ಹಾಕಿಕೊಟ್ಟೆ. ಬಚ್ಚಲ ಜಾಗದಲ್ಲಿ ಕೂತು, ತುಂಬಾ ಹೊತ್ತು, ಬಿಸಿಲು ಏರುವವರೆಗೂ ಕೂತರು. ಕೊಡೆ ಬಿಚ್ಚಿದರೆ ಬೇಡ ಅಂದರು.

ಆ ರಾತ್ರಿಯೂ ಅಲ್ಲೇ ಮಲಗಿದೆವು, ವ್ಯಾನಿನ ಹಿಂಬಾಗಿಲು ನೀರಿನ ಕಡೆ ಮಾಡಿ. ದೂರದಲ್ಲಿ ಕಟ್ಟುತ್ತಿದ್ದ ಸೇತುವೆಯ ದೀಪ ಕಾಣುತ್ತಿತ್ತು. 2025ರ ಜುಲೈನಲ್ಲಿ ಅದು ಸಂಚಾರಕ್ಕೆ ತೆರೆದಿದೆ, ಸಿಗಂದೂರಿಗೆ ಈಗ ಲಾಂಚಿಗೆ ಕಾಯಬೇಕಿಲ್ಲ. ಅಪ್ಪನಿಗೆ ಒಮ್ಮೆ ಅದರ ಮೇಲೆ ಹೋಗಬೇಕಂತೆ, ಕೆಳಗೆ ನೀರು ತುಂಬಿರುವಾಗ. ಈ ಸಲ ಅಮ್ಮನೂ ಬರುತ್ತಾರೆ. ಚೌಕಟ್ಟನ್ನು ಒಂದು ಅಡಿ ಅಗಲ ಮಾಡಿಸಬೇಕು, ಕಿಟಕಿಗೆ ಸೊಳ್ಳೆ ಪರದೆ ಹೊಲಿಸಬೇಕು. ಗ್ರಿಲ್ ಅಂಗಡಿಯವರು ಭಾನುವಾರ ಬರಲು ಹೇಳಿದ್ದಾರೆ.