ಕಪ್ಪು ಕೋಟಿನ ಮೇಲಿನ ಹೊಟ್ಟು

ವಕೀಲನಿಗೆ ಕಪ್ಪು ಕೋಟು ಅನ್ನ ಕೊಡುವ ಬಟ್ಟೆ. ಆದರೆ ನನ್ನಂಥ ಸೋರಿಯಾಸಿಸ್ ರೋಗಿಗೆ ಅದರಂಥ ಚಾಡಿಕೋರ ಬೇರೊಂದಿಲ್ಲ. ನೆತ್ತಿಯಿಂದ ಉದುರಿದ ಬಿಳಿಯ ಹೊಟ್ಟನ್ನು ಅದು ಊರಿಗೆಲ್ಲ ಸಾರುತ್ತದೆ. ವಾದಕ್ಕೆ ಏಳುವ ಮುನ್ನ ನಾನು ಭುಜ ಕೊಡವಿಕೊಳ್ಳುವುದನ್ನು ಕಿರಿಯ ವಕೀಲರು ಗತ್ತೆಂದೇ ಭಾವಿಸಿದ್ದರು!

ಆ ಗತ್ತು ಇಳಿದುದು ತಂಗಿಯ ಮನೆಯ ಗೃಹಪ್ರವೇಶದ ದಿನ. ಅಂಗಿಯ ತೋಳು ಮಡಿಸಿ, ಹೋಳಿಗೆಯ ತಟ್ಟೆ ಹಿಡಿದು ಮಕ್ಕಳ ಪಂಕ್ತಿಗೆ ಬಡಿಸಹೊರಟೆ. ತಂಗಿ ಮೆಲ್ಲನೆ ಬಳಿಗೆ ಬಂದು, "ನೀನು ಕುಳಿತುಕೋ ಅಣ್ಣ, ಹುಡುಗರು ಬಡಿಸುತ್ತಾರೆ" ಎಂದು ತಟ್ಟೆಯನ್ನು ತೆಗೆದುಕೊಂಡಳು. ಅವಳ ಕಣ್ಣು ನನ್ನ ಮೊಣಕೈಯ ಕಲೆಗಳ ಮೇಲಿತ್ತು. ತಪ್ಪು ಅವಳದಲ್ಲ, ಇದು ಅಂಟುವ ರೋಗವಲ್ಲವೆಂದು ನಾನು ಯಾರಿಗೂ ಹೇಳಿರಲಿಲ್ಲ. ಮುಚ್ಚಿಟ್ಟುಕೊಂಡೇ ವರ್ಷಗಳನ್ನು ಕಳೆದಿದ್ದೆ.

ಆ ಅವಮಾನದಲ್ಲಿ, ನಲವತ್ತು ದಿನಗಳಲ್ಲಿ ರೋಗವನ್ನು ಬುಡಸಹಿತ ಕೀಳುವೆನೆಂದವನೊಬ್ಬನ ಪುಡಿಗೆ ಶರಣಾದೆ. ಚರ್ಮವೇನೋ ಕನ್ನಡಿಯಂತಾಯಿತು. ಪುಡಿ ಮುಗಿದ ಕೆಲವೇ ದಿನಗಳಲ್ಲಿ ರೋಗ ಬಡ್ಡಿ, ಚಕ್ರಬಡ್ಡಿ ಸಹಿತ ಮರಳಿತು.

ಕಡೆಗೆ ಚರ್ಮವೈದ್ಯರ ಬಳಿಗೆ ಹೋದೆ. ಅವರು ಕಥೆಯನ್ನೆಲ್ಲ ಕೇಳಿ, "ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ನುಂಗಿ ಥಟ್ಟನೆ ನಿಲ್ಲಿಸಿದರೆ ರೋಗ ಕೆರಳುತ್ತದೆ" ಎಂದರು. ಚರ್ಮದ ಹೊರಪದರ ಹೊಸದಾಗಲು ಸಾಮಾನ್ಯವಾಗಿ ಸುಮಾರು 28 ದಿನ ಬೇಕು. ಈ ರೋಗದಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ದಾರಿ ತಪ್ಪುವುದರಿಂದ ಆ ಕೆಲಸ 3-5 ದಿನಗಳಲ್ಲಿ ಮುಗಿದು, ಬಲಿಯದ ಪದರ ಗುಪ್ಪೆಗೂಡಿ ಹೊಟ್ಟಾಗುತ್ತದೆ. ಬುಡಸಹಿತ ಕೀಳಲಾಗದು, ಹತೋಟಿಯಲ್ಲಿಡಬಹುದು - ಇದು ಅವರ ತೀರ್ಪು.

ಚಿಕಿತ್ಸೆಗೂ ನಮ್ಮ ನ್ಯಾಯಾಲಯಗಳಂತೆ ಮೆಟ್ಟಿಲುಗಳಿವೆ. ಮೊದಲನೆಯದು ಲೇಪ: ಚರ್ಮದ ತೇವ ಕಾಯುವ ಮುಲಾಮು, ಹೊಟ್ಟು ಸಡಿಲಿಸುವ ಸ್ಯಾಲಿಸಿಲಿಕ್ ಆಮ್ಲ, ಕಲ್ಲಿದ್ದಲಿನ ಟಾರು, ವಿಟಮಿನ್ 'ಡಿ' ಬಳಗದ ಕ್ಯಾಲ್ಸಿಪೊಟ್ರಿಯಾಲ್, ವೈದ್ಯರು ಹೇಳಿದಷ್ಟೇ ದಿನ ಹಚ್ಚತಕ್ಕ ಸ್ಟೀರಾಯ್ಡ್. ಅದಕ್ಕೆ ಬಗ್ಗದಿದ್ದರೆ, ವಾರಕ್ಕೆ ಎರಡು ಮೂರು ಬಾರಿ 311 ನ್ಯಾನೋಮೀಟರಿನ ನೇರಳಾತೀತ ಕಿರಣ. ಅದರ ಮೇಲಿನದು ಮೆಥೊಟ್ರೆಕ್ಸೇಟ್ ಮುಂತಾದ ಗುಳಿಗೆಗಳು. ಎಲ್ಲಕ್ಕೂ ಮೇಲೆ, ದುಬಾರಿಯಾದ ಬಯಾಲಜಿಕ್ ಚುಚ್ಚುಮದ್ದು. ಅದಕ್ಕೆ ಮುನ್ನ ಕ್ಷಯದ ಪರೀಕ್ಷೆ ಆಗಲೇಬೇಕು. ಕೀಲುಗಳು ನೊಂದರೆ, ಬೆಳಗ್ಗೆ ಬಿಗಿದರೆ, ಅದನ್ನೂ ಮುಚ್ಚಿಡದೆ ಹೇಳಬೇಕು. ರೋಗ ಅಲ್ಲಿಗೂ ಇಳಿಯಬಲ್ಲದು.

ನನ್ನ ದಾವೆ ಮೂರನೆಯ ಮೆಟ್ಟಿಲಿನಲ್ಲಿ ನಿಂತಿತು. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ಮರೆತು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಆದುದರಿಂದ ಗುಳಿಗೆಯ ಡಬ್ಬಿ ನನ್ನಾಕೆಯ ವಶದಲ್ಲಿದೆ. ಭಾನುವಾರ ಗುಳಿಗೆ ಕೊಟ್ಟು, ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ಮೇಲೆಯೇ ಅವಳಿಗೆ ಸಮಾಧಾನ. ರಕ್ತಕಣ, ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆಯೂ ಕಾಲಕಾಲಕ್ಕೆ ನಡೆಯುತ್ತದೆ.

ಕಲೆಗಳು ಪೂರ್ತಿ ಹೋಗಿಲ್ಲ. ಮೊಣಕೈಯಲ್ಲೊಂದು ಉಳಿದಿದೆ. ಕಳೆದ ಶ್ರಾವಣದಲ್ಲಿ ತಂಗಿಯ ಮನೆಗೆ ಹೋದಾಗ, ತೋಳು ಮಡಿಸಿ ಅದನ್ನು ತೋರಿಸಿ, ಎಲ್ಲವನ್ನೂ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ಹೋಳಿಗೆಯ ತಟ್ಟೆ ತಂದು ನನ್ನ ಕೈಗಿತ್ತಳು.

"ಬಡಿಸು ಅಣ್ಣ, ಮಕ್ಕಳು ಕಾದಿವೆ."