ಸೋನಾಪುರದ ಸಿನಿಮಾ ಕಂಪನಿ

ಮುಹೈಸ್ನಾ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಮುಹೈಸ್ನಾ 4ರ ಶಾಲೆಗಳು, ಅಂಗಡಿಗಳು, ಸಂಸಾರಸ್ಥರ ಮನೆಗಳು ನೆನಪಾಗುತ್ತವೆ. ಮುಹೈಸ್ನಾ 2ಕ್ಕೆ ಜನ ಇಟ್ಟ ಹೆಸರೇ ಬೇರೆ – ಸೋನಾಪುರ. ಚಿನ್ನದ ಊರು! ಹೆಸರಿಟ್ಟ ಪುಣ್ಯಾತ್ಮ ಯಾರೋ, ಹಾಸ್ಯಪ್ರಜ್ಞೆ ಮಾತ್ರ ಚೆನ್ನಾಗಿತ್ತು. ಕಾರ್ಮಿಕರ ಕ್ಯಾಂಪುಗಳು ಸಾಲುಗಟ್ಟಿ ನಿಂತಿರುವ ಆ ಸೋನಾಪುರದಲ್ಲಿ ನಮ್ಮದೂ ಒಂದು ‘ಸಿನಿಮಾ ಕಂಪನಿ’ ಇತ್ತೆಂದರೆ ನೀವು ನಂಬಲಿಕ್ಕಿಲ್ಲ.

2008ರ ಬೇಸಿಗೆ. ಬಿ.ಕಾಂ. ಮುಗಿಸಿ ಬಂದಿದ್ದ ನನಗೆ ಕಟ್ಟಡದ ಕಂಪನಿಯೊಂದರಲ್ಲಿ ಟೈಮ್‌ಕೀಪರ್ ಕೆಲಸ ಸಿಕ್ಕಿತು. ರಜೆಯ ಮೇಲೆ ಊರಿಗೆ ಹೋದವರ ಬದಲಿಗೆ, ಬೇಸಿಗೆ ಮುಗಿಯುವ ತನಕ ಮಾತ್ರ. ಬೆಳಗಿನ ಜಾವ ಬಸ್ಸಿನಲ್ಲಿ ತಲೆ ಎಣಿಸುವುದು, ಹಾಜರಿ ಬರೆಯುವುದು, ಓವರ್‌ಟೈಮ್ ಲೆಕ್ಕ ಹಾಕುವುದು. ವಾಸವೂ ಕ್ಯಾಂಪಿನಲ್ಲೇ, ಒಂದು ಕೋಣೆಗೆ ಎಂಟು ಜನ, ಒಂದರ ಮೇಲೊಂದು ಮಂಚ.

ನಮಗೆ ಸಿನಿಮಾ ಹುಚ್ಚು ಹಿಡಿಸಿದ್ದು ಸೂರ್ಯ ಎನ್ನಬೇಕು. ಬೇಸಿಗೆಯ ಉರಿಯಲ್ಲಿ ಮಧ್ಯಾಹ್ನ ಬಯಲಿನಲ್ಲಿ ದುಡಿಸಬಾರದೆಂಬ ನಿಯಮ ಈ ದೇಶದಲ್ಲಿ 2005ರಲ್ಲಿ ಬಂತು. ಈಗ ಅದು ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, 12:30ರಿಂದ 3 ಗಂಟೆಯ ತನಕ. ಶೆಡ್ಡಿನ ನೆರಳಲ್ಲಿ ಊಟ ಮುಗಿಸಿ ಮಲಗಿದರೆ ಸೆಕೆಗೆ ನಿದ್ದೆ ಹತ್ತದು. ಹಾಗೆ ಹೊರಳಾಡುವಾಗ ಉಡುಪಿ ಕಡೆಯ ಎಲೆಕ್ಟ್ರಿಷಿಯನ್ನರೊಬ್ಬರು ತಮ್ಮ ಹೊಸ ನೋಕಿಯಾ ಎನ್73 ಹೊರತೆಗೆದರು. ಊರಿನಲ್ಲಿ ತುಳು ನಾಟಕ ಆಡಿದವರು. ಅಂದಿನಿಂದ ಅವರೇ ಡೈರೆಕ್ಟರು, ಅವರೇ ಕ್ಯಾಮೆರಾಮನ್ನು.

ಎಡಿಟಿಂಗ್ ಯಾರಿಗೆ ಗೊತ್ತು? ಒಂದೇ ಉಸಿರಿನಲ್ಲಿ ದೃಶ್ಯ ಮುಗಿಯಬೇಕು. ಯಾರಾದರೂ ನಕ್ಕರೆ ಮತ್ತೆ ಮೊದಲಿನಿಂದ. ನಗದವರು ಯಾರು! ಹೆಣ್ಣಿನ ಪಾತ್ರಕ್ಕೆ ಕುಂದಾಪುರದ ಹುಡುಗ ತಲೆಗೆ ಟವೆಲ್ ಹೊದ್ದು ಬರುತ್ತಿದ್ದ. ಯಕ್ಷಗಾನದ ನಾಡಿನವನಿಗೆ ಸ್ತ್ರೀವೇಷ ಕಲಿಸಬೇಕೆ? ಕತೆಗಳೂ ಅಲ್ಲಿಯವೇ. ಫೋರ್‌ಮನ್ ಹಿಂದಿಯಲ್ಲಿ ಬೈದದ್ದನ್ನು ನಮ್ಮವನು ಕನ್ನಡದಲ್ಲಿ ಹೊಗಳಿಕೆಯೆಂದು ತಿಳಿಯುವುದು. ‘ಮಾಫಿ ಮುಶ್ಕಿಲ್’, ‘ಖಲ್ಲಿವಲ್ಲಿ’ ಎಂಬ ಎರಡೇ ಮಾತಿನಲ್ಲಿ ಹೊಸಬನೊಬ್ಬ ದುಬೈಯನ್ನೆಲ್ಲ ಗೆಲ್ಲುವುದು. ನಿಜವಾದ ಫೋರ್‌ಮನ್ ಒಮ್ಮೆ ನೋಡಿಬಿಟ್ಟರು. ನಮ್ಮ ಜೀವ ಬಾಯಿಗೆ ಬಂತು. ಅವರು, “ನನ್ನ ಹೊಟ್ಟೆ ಅಷ್ಟು ದಪ್ಪ ಇಲ್ಲ” ಎಂದಷ್ಟೇ ಹೇಳಿ ಹೋದರು.

ಆದರೆ ಎಲ್ಲಕ್ಕಿಂತ ಒಳ್ಳೆಯ ದೃಶ್ಯ ಕಲಬುರಗಿಯ ಗೌಂಡಿಯದು. ಗಂಗಾವತಿ ಪ್ರಾಣೇಶರ ಕ್ಯಾಸೆಟ್ ಕೇಳಿ ಬೆಳೆದ ಮನುಷ್ಯ, ಮಾತು ನಿಲ್ಲಿಸಿದವನಲ್ಲ. ಒಂದು ಶುಕ್ರವಾರ ಕೋಣೆಯಲ್ಲೇ ಚಿತ್ರೀಕರಣ. ಅವನು ಮೇಲಿನ ಮಂಚದಲ್ಲಿ ಕಾಲು ಇಳಿಬಿಟ್ಟು, ಮಡಿಲಲ್ಲಿ ಸುಟ್ಟ ಪಾತ್ರೆ ಇಟ್ಟುಕೊಂಡು ತಿಕ್ಕುತ್ತ ಹೆಂಡತಿಗೆ ಫೋನು ಮಾಡುತ್ತಾನೆ: “ಭಾಳ ಆರಾಮ ಅದ. ಎ.ಸಿ. ರೂಮ್ ಕೊಟ್ಟಾರ. ಖಿಡಕಿ ತೆಗೆದ್ರ ಬುರ್ಜ್ ದುಬೈ ಕಾಣ್ತದ. ಅಡಿಗಿ ಮಾಡ್ಲಿಕ್ಕ ಮಂದಿ ಇದ್ದಾರ!” (ಇಂದಿನ ಬುರ್ಜ್ ಖಲೀಫಾಕ್ಕೆ 2010ರ ಜನವರಿಯವರೆಗೆ ಅದೇ ಹೆಸರು.) ಎ.ಸಿ. ಇದ್ದದ್ದು ಸುಳ್ಳಲ್ಲ, ಟ್ರ್ಯಾಕ್ಟರಿನಂತೆ ಸದ್ದು ಮಾಡುತ್ತಿತ್ತು ಅಷ್ಟೆ. ಕಿಟಕಿ ತೆರೆದರೆ ಕಾಣುತ್ತಿದ್ದದ್ದು ಎದುರಿನ ಕ್ಯಾಂಪಿನ ಒಗೆದ ಬಟ್ಟೆ. ನಕ್ಕು ನಕ್ಕು ಡೈರೆಕ್ಟರ ಕೈ ನಡುಗಿ ಚಿತ್ರವೂ ನಡುಗಿದೆ.

ನಾವು ನಕ್ಕದ್ದು ಅದು ಬರೆದ ಡೈಲಾಗ್ ಅಲ್ಲವೆಂದು ಗೊತ್ತಿದ್ದುದರಿಂದ. ನಾಲ್ಕು ವರ್ಷಗಳಿಂದ ಕಾಲಿಂಗ್ ಕಾರ್ಡ್ ಹಾಕಿ ಅವನು ಮನೆಗೆ ಹೇಳುತ್ತಿದ್ದದ್ದೇ ಅದು. ಅವನೊಬ್ಬನೇ ಏನು, ನಾವೆಲ್ಲರೂ.

ಆಗಸ್ಟಿನಲ್ಲಿ ಅವನ ಊರಿನವನೇ ಒಬ್ಬ ರಜೆಗೆ ಹೊರಟ. ವಿಡಿಯೋಗಳನ್ನೆಲ್ಲ ಸಿ.ಡಿ. ಮಾಡಿಸಿ ಕಳಿಸೋಣವೆಂದಾಯಿತು. ಊರಲ್ಲಿ ಸಿ.ಡಿ. ಹಾಕಿದರೆ ಮನೆಯವರಷ್ಟೇ ನೋಡುತ್ತಾರೆಯೇ? ಓಣಿಯೇ ಬಂದು ಕೂರುತ್ತದೆ. ಆ ಫೋನಿನ ದೃಶ್ಯ ಇರಲೋ ಬೇಡವೋ ಎಂದು ಕೇಳಿದೆ. ಗೌಂಡಿ ಉತ್ತರ ಕೊಡಲಿಲ್ಲ. ಅಂದು ರಾತ್ರಿ ಅವನ ಮಾತೇ ಇಲ್ಲ, ಕೋಣೆಯಲ್ಲಿ ಎ.ಸಿ.ಯದ್ದೇ ಸದ್ದು. ಮರುದಿನ ಬಸ್ಸಿಗೆ ಕಾಯುವಾಗ ಹತ್ತಿರ ಬಂದು, “ಹಾಕ್ರಿ ಸರ. ಒಂದ್ ದಿನ ನೋಡಬೇಕಲ್ಲ” ಎಂದ.

ಎರಡು ವಾರದ ಮೇಲೆ ಅವನ ಹೆಂಡತಿ ನೋಡಿದಳೆಂಬ ಸುದ್ದಿ ಬಂತು. ಶುಕ್ರವಾರ ಅವನು ಫೋನು ಮಾಡುವಾಗ ನಾವೆಲ್ಲ ಬೇರೆ ಕೆಲಸವಿದ್ದವರಂತೆ ಅಲ್ಲೇ ಸುಳಿದಾಡಿದೆವು. ಬೈಗುಳವೋ ಅಳುವೋ ಎಂದುಕೊಂಡಿದ್ದೆವು. ಆಕೆ ಹೇಳಿದ್ದು ಇಷ್ಟೇ: “ಅಷ್ಟು ಮ್ಯಾಲ ಮಲಗ್ತೀರಿ, ಮಗ್ಗಲಾ ಹೊರಳುವಾಗ ಬಿದ್ದೀರಿ, ಹುಷಾರ್ ರೀ.” ಅವನು ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಮಾತಾಡಿದ. ಕಾರ್ಡು ಪೂರ್ತಿ ಮುಗಿಯಿತು. ನನಗನಿಸುತ್ತದೆ, ನಾಲ್ಕು ವರ್ಷದಲ್ಲಿ ಅವರಿಬ್ಬರೂ ಸರಿಯಾಗಿ ಮಾತಾಡಿದ್ದು ಅಂದೇ.

ಸೆಪ್ಟೆಂಬರಿನಲ್ಲಿ ನನ್ನ ಕೆಲಸ ಮುಗಿಯಿತು. ಆ ವರ್ಷದ ಕೊನೆಗೆ ಜಗತ್ತಿನ ಆರ್ಥಿಕ ಕುಸಿತ ದುಬೈಗೂ ತಟ್ಟಿ, 2009ರಲ್ಲಿ ಆ ಸೈಟೂ ನಿಂತಿತು. ನಮ್ಮ ನಟವರ್ಗದಲ್ಲಿ ಹೆಚ್ಚಿನವರು ಊರಿಗೆ ಮರಳಿದರು.

ಈಗ ಪ್ರತಿ ಕೈಯಲ್ಲೂ ಕ್ಯಾಮೆರಾ, ಪ್ರತಿ ಕ್ಯಾಂಪಿನಲ್ಲೂ ರೀಲ್ಸ್. ಹುಡುಗರಿಗೆ ಒಂದು ಮಾತು: 2021ರ ಸೈಬರ್ ಅಪರಾಧ ಕಾನೂನಿನಂತೆ ಇಲ್ಲಿ ಒಬ್ಬರ ಒಪ್ಪಿಗೆಯಿಲ್ಲದೆ ಅವರ ಚಿತ್ರ ತೆಗೆಯುವುದು ಅಪರಾಧ. ಎಲ್ಲ ಫೋರ್‌ಮನ್ನರೂ ಹೊಟ್ಟೆಯ ಮಾತಾಡಿ ಸುಮ್ಮನಾಗುವುದಿಲ್ಲ!

ಗೌಂಡಿ ಈಗ ಊರಲ್ಲೇ ಮನೆ ಕಟ್ಟುವ ಗುತ್ತಿಗೆ ಹಿಡಿಯುತ್ತಾನೆ. ಹೋದ ವರ್ಷ ಹಳೆಯ ಸಿ.ಡಿ.ಯಿಂದ ಉಳಿದಷ್ಟನ್ನು ತೆಗೆಸಿ ಅವನ ವಾಟ್ಸಾಪಿಗೆ ಕಳಿಸಿದೆ. ಸಂಜೆಯೇ ಧ್ವನಿ ಸಂದೇಶ ಬಂತು: “ಸರ, ನಂದು ಕಡೀ ಡೈಲಾಗ್ ಕಟ್ ಆಗ್ಯಾದ. ನನ್ನ ಹೆಂಡ್ತಿಗಿ ಬಾಯಿಪಾಠ ಅದ, ಆಕಿ ಕಡಿಂದ ಹೇಳಸ್ಲೇನು?”