ಚಾಲಗೇಣಿಯಿಂದ ಒನ್ ಆರ್‌ಕೆವರೆಗೆ

ನನ್ನ ಅಜ್ಜನದು ಚಾಲಗೇಣಿ ಒಕ್ಕಲು. ಮುಡಿ ಅಕ್ಕಿ ತಪ್ಪದೆ ಒಪ್ಪಿಸಿದರೂ ಬರುವ ವರ್ಷ ಅದೇ ಗದ್ದೆ, ಅದೇ ಮನೆ ಎಂಬ ಖಾತ್ರಿ ಇರಲಿಲ್ಲ. ಧಣಿಗಳು ಏಳೆಂದರೆ ಏಳಬೇಕು. ಭೂಸುಧಾರಣೆ ಕಾಯ್ದೆಯಂತೆ ಗೇಣಿ ಜಮೀನುಗಳು ಸರ್ಕಾರದ ಸ್ವಾಧೀನಕ್ಕೆ ಬಂದದ್ದು 1974ರ ಮಾರ್ಚ್ 1ರಂದು. ಉಳುವವರು ನಾವೇ ಎಂದು ಅಪ್ಪ ಡಿಕ್ಲರೇಶನ್ ಕೊಟ್ಟರು. ಬಂಟ್ವಾಳದ ಭೂನ್ಯಾಯ ಮಂಡಳಿಯಲ್ಲಿ ಜಾಗ ನಮ್ಮದಾಯಿತು.

ಆ ಜಾಗ ಒಂದು ಸಂಸಾರಕ್ಕೆ ಸಾಕು, ಅಣ್ಣತಮ್ಮಂದಿರ ಸಂಸಾರಗಳಿಗೆಲ್ಲ ಸಾಲದು. ಎಂಬತ್ತರ ದಶಕದಲ್ಲಿ ನಾನು ಬೊಂಬಾಯಿ ಬಸ್ಸು ಹತ್ತಿದೆ. ಕೊಂಕಣ ರೈಲು ಪೂರ್ಣಗೊಂಡದ್ದು 1998ರಲ್ಲಿ, ಅಲ್ಲಿಯವರೆಗೆ ನಮಗೆಲ್ಲ ಬಸ್ಸೇ ಗತಿ. ಮೊದಲು ಹೊಟೇಲಿನಲ್ಲಿ ಕೆಲಸ. ರಾತ್ರಿ ಶಟರ್ ಎಳೆದ ಮೇಲೆ ಮೇಜು ಜೋಡಿಸಿ ಅಲ್ಲೇ ನಿದ್ದೆ. ಆಮೇಲೆ ಬೆಳ್ತಂಗಡಿಯ ನೆಂಟರೊಬ್ಬರ ಮಾತಿನ ಮೇಲೆ ಚಾಳಿನ ಖೋಲಿಯಲ್ಲಿ ಜಾಗ ಸಿಕ್ಕಿತು. ಹತ್ತು ಹನ್ನೆರಡು ಅಡಿಯ ಕೋಣೆ, ಮೂಲೆಯಲ್ಲೊಂದು ಮೋರಿ, ಇಡೀ ಮಾಳಿಗೆಗೆ ಸೇರಿ ಕಕ್ಕಸು. ಹಗಲು ಪಾಳಿಯವ ಎದ್ದುಹೋದ ಚಾಪೆಯ ಮೇಲೆ ರಾತ್ರಿ ಪಾಳಿಯವ ಬಂದು ಮಲಗುತ್ತಿದ್ದ. ಜ್ವರ ಬಂದವನಿಗೂ ತನ್ನ ಪಾಳಿ ಮೀರಿ ಮಲಗಲು ಜಾಗವಿರಲಿಲ್ಲ.

ಸ್ವಂತ ಖೋಲಿ ಹಿಡಿಯಬೇಕಾದರೆ ಪಗಡಿ, ಅಂದರೆ ಒಳಬರುವಾಗಲೇ ದೊಡ್ಡ ಮೊತ್ತ, ಕೊಡಬೇಕಿತ್ತು. 1947ರ ಬಾಂಬೆ ಬಾಡಿಗೆ ಕಾಯ್ದೆ ಹಳೆ ಕಟ್ಟಡಗಳ ಬಾಡಿಗೆಯನ್ನು 1940ರ ಮಟ್ಟದಲ್ಲೇ ನಿಲ್ಲಿಸಿತ್ತು. ಒಳಗಿದ್ದವರು ಉಳಿದುಕೊಂಡರು, ಹೊಸದಾಗಿ ಬಂದವರಿಗೆ ಪಗಡಿಯಿಲ್ಲದೆ ಮನೆ ಕೊಡುವವರೇ ಇಲ್ಲದಾಯಿತು. ಆಗ ಕೈಹಿಡಿದದ್ದು ಊರಿನವರ, ಜಾತಿಯವರ ಪರಿಚಯ. ಆ ಕಾಲದ ಒಗ್ಗಟ್ಟನ್ನು ಹೊಗಳುವಾಗ ಅದರ ಹೊರಗುಳಿದವರನ್ನು ಮರೆಯಬಾರದು. ನಮಗೆ ನೆಂಟರಿದ್ದರು. ಅದೇ ಬಸ್ಸಿನಲ್ಲಿ ಬಂದ, ಅಲ್ಲಿ ತನ್ನವರೆಂದು ಯಾರೂ ಇಲ್ಲದ ದಲಿತ ಹುಡುಗನನ್ನು ಆ ಖೋಲಿ ಕರೆಯುತ್ತಿರಲಿಲ್ಲ. ಒಂಟಿ ಹೆಂಗಸಿನ ಮಾತಂತೂ ದೂರ.

ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದು ಕಲಿತ ನನ್ನ ಮಗಳು ಈಗ ಬೆಂಗಳೂರಿನಲ್ಲಿ ಒನ್ ಆರ್‌ಕೆ, ಅಂದರೆ ಒಂದು ಕೋಣೆ, ಒಂದು ಅಡುಗೆಮನೆ, ಹಿಡಿದಿದ್ದಾಳೆ. ಮಾಲೀಕರು ಅದನ್ನು ಸ್ಟುಡಿಯೋ ಅಪಾರ್ಟ್‌ಮೆಂಟ್ ಅನ್ನುತ್ತಾರೆ. ನಮ್ಮ ಖೋಲಿಗಿಂತ ಬಹಳ ದೊಡ್ಡದೇನಲ್ಲ. ಆದರೆ ಒಳಗೇ ಬಚ್ಚಲು, ಒಳಗಿನಿಂದ ಹಾಕಿಕೊಳ್ಳಲು ಚಿಲಕ, ಅವಳೊಬ್ಬಳದೇ ಮಂಚ. ನನ್ನ ಅಜ್ಜಿಗಾಗಲಿ ಅಮ್ಮನಿಗಾಗಲಿ ಒಂದು ದಿನವೂ ಇಂಥ ಕೋಣೆ ಇರಲಿಲ್ಲ. ಹುಡುಗಿ ಒಬ್ಬಳೇ ಇರುತ್ತಾಳಲ್ಲ ಎಂದು ಊರಿನವರು ಮರುಗುತ್ತಾರೆ. ನನಗೆ ಅದು ದೊಡ್ಡ ಗಳಿಕೆಯಾಗಿ ಕಾಣುತ್ತದೆ.

ಆ ಗಳಿಕೆ ಎಲ್ಲರ ಕೈಗೆ ಎಟಕುವುದಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯವರೆಗೂ ಅಡ್ವಾನ್ಸ್ ಕೇಳುವ ರೂಢಿಯಿದೆ. ಬಿಡುವಾಗ ಪೇಂಟಿಂಗ್ ಖರ್ಚೆಂದು ಅದರಲ್ಲೇ ಮುರಿದುಕೊಳ್ಳುವವರಿದ್ದಾರೆ. ಕೆಲವು ಕಡೆ ಹೆಸರು ಕೇಳಿದ ಮೇಲೆಯೇ ಮನೆ ಖಾಲಿಯಿದೆಯೋ ಇಲ್ಲವೋ ಎಂಬ ಉತ್ತರ ಬರುವುದು. ಒಂದು ವರ್ಷ ಮೀರಿದ ಕರಾರನ್ನು 1908ರ ಕಾಯ್ದೆಯಂತೆ ನೋಂದಾಯಿಸಬೇಕು. ಅದನ್ನು ತಪ್ಪಿಸಲು ಹೆಚ್ಚಿನವರು ಹನ್ನೊಂದು ತಿಂಗಳಿಗೆ ಬರೆಯುತ್ತಾರೆ. ಆ ಹನ್ನೊಂದು ತಿಂಗಳು ಮುಗಿಯುತ್ತ ಬಂದಾಗ ಮಗಳ ಮಾತಿನಲ್ಲಿ ಕೇಳಿಸುವುದು ಚಾಲಗೇಣಿಯದೇ ಅಂಜಿಕೆ.

2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದು ಎನ್ನುತ್ತದೆ. ಅದು ಬರಿಯ ಮಾದರಿ, ರಾಜ್ಯಗಳು ಕಾನೂನು ಮಾಡಿಕೊಂಡರಷ್ಟೇ ಬಲ. ಬಾಡಿಗೆಯನ್ನೇ ಕಟ್ಟಿಹಾಕಿದರೆ ಏನಾಗುತ್ತದೆಂದು ಬೊಂಬಾಯಿಯಲ್ಲಿ ಕಂಡಿದ್ದೇನೆ, ನನಗೆ ಅದು ಬೇಡ. ಅಡ್ವಾನ್ಸಿಗೆ ಮಿತಿ ಬೇಕು. ಊರಿಂದ ಮೊದಲ ಕೆಲಸಕ್ಕೆ ಹೋಗುವ ಹುಡುಗಿಗೆ ಸಂಬಳ ಕೈಸೇರುವ ಮೊದಲೇ ಸಾಲ ಮಾಡದೆ ಒಂದು ಕೋಣೆ ಸಿಗಬೇಕು.